ಪೀಕೆ ಹುಡುಕಿದ ಠಸ್ಸೆ: ‘ಹೊರಗಿನವ’ ಅಂತ ಹೊಡೆಯೋರು ಯಾರು?

ಇವತ್ತಿನ ಎಪಿಸೋಡ್‌ನಲ್ಲಿ ನಿಮ್ಮಲ್ಲಿ ಬಹಳ ಮಂದಿ ನೋಡಿರೋ ಒಂದು ಸಿನಿಮಾ ಇದೆ. 2014ರ ಡಿಸೆಂಬರ್ 19ಕ್ಕೆ ಬಂದ ‘ಪೀಕೆ’. ರಾಜ್‌ಕುಮಾರ್ ಹಿರಾನಿ ನಿರ್ದೇಶನ, ಆಮಿರ್ ಖಾನ್ ನಟನೆ. ಇನ್ನೂ ನೋಡದವರು ಇದ್ದರೆ ಮೊದಲೇ ಹೇಳಿಬಿಡ್ತೀನಿ, ಕಥೆ ಪೂರ್ತಿ ಬಿಚ್ಚಿಡ್ತೀನಿ. ಆಮ್ಯಾಲೆ ಬೈಬ್ಯಾಡ್ರಿ.

ಪೀಕೆ ಅಂದ ಕೂಡಲೇ ಎಲ್ಲರೂ ದೇವರು, ಬಾಬಾ, ರಾಂಗ್ ನಂಬರ್ ಅಂತ ಶುರು ಮಾಡ್ತಾರೆ. ಆ ಚರ್ಚೆ ಸಾಕಷ್ಟಾಗಿದೆ. ನನಗೆ ಬೇಕಿರೋದು ಅದರ ಕೆಳಗೆ ಕೂತಿರೋ ಇನ್ನೊಂದು ಪ್ರಶ್ನೆ. ಒಬ್ಬ ಮನುಷ್ಯ ‘ನಮ್ಮವ’, ಇನ್ನೊಬ್ಬ ‘ಹೊರಗಿನವ’ ಅಂತ ಆಗೋದು ಹೆಂಗ? ಅದು ಅವನ ಮೈಯಲ್ಲಿ ಇರೋ ಗುಣವೋ, ನಾವು ಅವನ ಮೇಲೆ ಹೊಡೆಯೋ ಠಸ್ಸೆಯೋ? ಹುಬ್ಬಳ್ಳಿ-ಧಾರವಾಡದ ಮಗ್ಗಲಲ್ಲೇ ಈ ಪ್ರಶ್ನೆಯನ್ನ ತಲೆಮಾರುಗಳಿಂದ ಎದುರಿಸ್ತಿರೋ ಜನ ಇದ್ದಾರೆ. ಸಿನಿಮಾದಿಂದ ಹೊರಟು ಅಲ್ಲಿತನಕ ಹೋಗೋಣ.

ಮೊದಲು ಕಥೆ

ರಾಜಸ್ಥಾನದ ಮರುಭೂಮಿಯಲ್ಲಿ ಬೇರೆ ಗ್ರಹದ ನೌಕೆ ಇಳಿಯುತ್ತೆ. ಅದರಿಂದ ಒಬ್ಬ ಕೆಳಗೆ ಇಳೀತಾನೆ. ನೋಡೋಕೆ ಥೇಟ್ ನಮ್ಮಂಗೇ, ಮೈಮೇಲೆ ಅರಿವೆ ಮಾತ್ರ ಇಲ್ಲ. ಕೊರಳಲ್ಲಿ ಹೊಳೆಯೋ ಒಂದು ಪದಕ. ಅದು ನೌಕೆಯನ್ನ ವಾಪಸ್ ಕರೆಸೋ ರಿಮೋಟ್. ಭೂಮಿ ಮೇಲೆ ಅವನಿಗೆ ಎದುರಾಗೋ ಮೊದಲ ಮನುಷ್ಯ ಅದನ್ನ ಕಿತ್ಕೊಂಡು ಓಡ್ತಾನೆ. ಅಲ್ಲಿಗೆ ಮನೆ ದಾರಿ ಬಂದ್.

ಅವನ ಗ್ರಹದಲ್ಲಿ ಬಟ್ಟೆ ಇಲ್ಲ, ಬಾಯಿಮಾತು ಇಲ್ಲ, ಸುಳ್ಳೂ ಇಲ್ಲ. ಕೈ ಹಿಡಿದರೆ ಸಾಕು, ಮನಸ್ಸಿನಲ್ಲಿ ಇರೋದು ತಿಳಿಯುತ್ತೆ. ಇಲ್ಲಿ ಬಂದು ಕಂಡಕಂಡವರ ಕೈ ಹಿಡಿಯೋಕೆ ಹೋಗಿ ಏಟು ತಿಂತಾನೆ. ಭೈರೋನ್ ಸಿಂಗ್ ಅನ್ನೋ ಬ್ಯಾಂಡ್ ಕಂಪನಿಯವ ಅವನನ್ನ ತಮ್ಮನಂಗ ನೋಡ್ಕೋತಾನೆ. ಕೊನೆಗೆ ಒಬ್ಬ ಹೆಣ್ಣುಮಗಳ ಕೈಯನ್ನ ಆರು ತಾಸು ಹಿಡಿದು ಕೂತು ಭೋಜ್‌ಪುರಿ ಕಲೀತಾನೆ. ಕಳೆದ ರಿಮೋಟ್ ಹುಡುಕ್ತಾ ದಿಲ್ಲಿಗೆ ಹೋಗ್ತಾನೆ. ಅವನ ಪ್ರಶ್ನೆ ಕೇಳಿದವರೆಲ್ಲ ‘ಕುಡಿದು ಬಂದೀಯೇನು?’ ಅಂತಾರೆ. ಹಿಂದಿಯಲ್ಲಿ ‘ಪೀಕೆ’ ಅಂದ್ರೆ ಕುಡಿದು. ಅದೇ ಅವನ ಹೆಸರಾಗುತ್ತೆ. ಮಂದಿ ಅಂದ ಚುಚ್ಚುಮಾತೇ ಹೆಸರಾಗಿ ಅಂಟಿಕೊಳ್ಳುತ್ತೆ. ಇದನ್ನ ಸ್ವಲ್ಪ ನೆನಪಿಟ್ಕೊಳ್ರಿ, ಮುಂದೆ ಬೇಕಾಗುತ್ತೆ.

ರಿಮೋಟ್ ಎಲ್ಲಿ ಅಂತ ಕೇಳಿದ್ರೆ ‘ದೇವರೇ ಬಲ್ಲ’ ಅಂತಾರೆ. ಸರಿ, ಆ ದೇವರ ಹತ್ರಾನೇ ಕೇಳೋಣ ಅಂತ ಗುಡಿ, ಚರ್ಚ್, ಮಸೀದಿ ಎಲ್ಲ ಸುತ್ತುತಾನೆ. ರಿಮೋಟ್ ಸಿಗೋದು ತಪಸ್ವಿ ಮಹಾರಾಜ್ ಅನ್ನೋ ಬಾಬಾನ ಹತ್ರ. ಟಿವಿ ವರದಿಗಾರ್ತಿ ಜಗ್ಗು ಪೀಕೆಗೆ ಜೊತೆಯಾಗ್ತಾಳೆ. ಮುಂದಿನದು ನಿಮಗೆ ಗೊತ್ತು.

ಗಾಂಧಿ ಫೋಟೊ ಮತ್ತು ಗಜ್ಜರಿ

ಈ ಸಿನಿಮಾದಲ್ಲಿ ನನಗೆ ಭಾಳ ಸೇರಿದ ಜಾಗ ದೇವರದ್ದಲ್ಲ, ರೊಕ್ಕದ್ದು. ಬಿ.ಕಾಂ. ಓದಿದವನ ಹಣೆಬರಹ ಅಂತ ಬೇಕಾದ್ರೆ ಅನ್ರಿ.

ಗಾಂಧಿ ಚಿತ್ರ ಇರೋ ಕಾಗದ ಕೊಟ್ಟರೆ ಗಜ್ಜರಿ ಸಿಗೋದನ್ನ ಪೀಕೆ ನೋಡ್ತಾನೆ. ಹಂಗಾದ್ರೆ ಈ ಅಜ್ಜನ ಚಿತ್ರಕ್ಕೆ ಕಿಮ್ಮತ್ತು ಇದೆ ಅಂತ ಲೆಕ್ಕ ಹಾಕಿ, ಗಾಂಧಿ ಮುಖ ಇರೋ ಯಾವ್ಯಾವುದೋ ಕಾಗದ ಕೂಡಿಸಿಕೊಂಡು ಬರ್ತಾನೆ. ಆದ್ರ ಒಂದೇ ಒಂದು ನಮೂನೆ ಕಾಗದಕ್ಕೆ ಮಾತ್ರ ಗಜ್ಜರಿ. ಉಳಿದ ಗಾಂಧಿಗಳಿಗೆ ಏನೂ ಇಲ್ಲ.

ನಾವು ನಗ್ತೀವಿ. ಆದ್ರ ಅವನ ತಪ್ಪು ಏನು? ಕಣ್ಣಿಗೆ ಕಾಣೋದನ್ನ ಅವನು ಸರಿಯಾಗೇ ನೋಡಿದಾನೆ. ಕಾಣದೇ ಇರೋದು ಅವನಿಗೆ ಗೊತ್ತಿಲ್ಲ, ಅಷ್ಟೇ. ನೋಟಿನ ಕಿಮ್ಮತ್ತು ಕಾಗದದಲ್ಲಿ ಇಲ್ಲ, ಶಾಯಿಯಲ್ಲಿ ಇಲ್ಲ, ಫೋಟೊದಲ್ಲೂ ಇಲ್ಲ. ರಿಸರ್ವ್ ಬ್ಯಾಂಕಿನ ಗವರ್ನರ್ ಸಹಿ ಮಾಡಿ ಕೊಟ್ಟ ಒಂದು ಮಾತು, ಆ ಮಾತನ್ನ ನಾವೆಲ್ಲ ನಂಬಿದ್ದೀವಿ ಅನ್ನೋ ಒಂದು ಒಪ್ಪಂದ, ಇಷ್ಟರಲ್ಲಿ ಇದೆ. ಅಮೆರಿಕದ ತತ್ತ್ವಶಾಸ್ತ್ರಜ್ಞ ಜಾನ್ ಸರ್ಲ್ 1995ರಲ್ಲಿ ಇದರ ಮೇಲೇ ಒಂದು ಪುಸ್ತಕ ಬರೆದರು. ಅವರ ವಿಚಾರವನ್ನ ನಮ್ಮ ಮಾತಲ್ಲಿ ಹೇಳೋದಾದ್ರೆ, ಲೋಕದಲ್ಲಿ ಎರಡು ನಮೂನೆ ಸತ್ಯ ಇವೆ. ನೃಪತುಂಗ ಬೆಟ್ಟ ಇದೆ, ನಾವು ಒಪ್ಪಿದರೂ ಇದೆ, ಒಪ್ಪದಿದ್ದರೂ ಇದೆ. ಐದು ನೂರರ ನೋಟು ಹಂಗಲ್ಲ. ಎಲ್ಲರೂ ಕೂಡಿ ಇದನ್ನ ರೊಕ್ಕ ಅಂತ ಲೆಕ್ಕಕ್ಕೆ ಹಿಡಿಯೋತನಕ ಮಾತ್ರ ಅದು ರೊಕ್ಕ.

ಸಿನಿಮಾ ಬಂದು ಎರಡು ವರ್ಷ ತುಂಬೋ ಮೊದಲೇ ದೇಶಕ್ಕೆ ದೇಶವೇ ಪೀಕೆಯ ಜಾಗದಲ್ಲಿ ನಿಂತಿತ್ತು. 2016ರ ನವೆಂಬರ್ 8ರ ರಾತ್ರಿ. 500, 1000ದ ನೋಟಿನ ಮೇಲೆ ಅದೇ ಗಾಂಧಿ, ಅದೇ ಶಾಯಿ, ಅದೇ ಕಾಗದ. ಮಧ್ಯರಾತ್ರಿ ದಾಟಿದ ಮೇಲೆ ಬಜಾರದಲ್ಲಿ ಅದು ಬರೀ ಕಾಗದ. ನೋಟಿನಲ್ಲಿ ಏನೂ ಬದಲಾಗಿರಲಿಲ್ಲ, ಲೆಕ್ಕಕ್ಕೆ ಹಿಡಿಯೋ ರೀತಿ ಬದಲಾಗಿತ್ತು. ಕಾಗದದ ಮೇಲಿನ ಒಪ್ಪಂದ ಎಷ್ಟು ನಾಜೂಕು ಅನ್ನೋದನ್ನ, ಅದು ಮುರಿದರೆ ಎಷ್ಟು ಮಂದಿ ಬ್ಯಾಂಕಿನ ಮುಂದೆ ಪಾಳಿ ಹಚ್ಚಬೇಕು ಅನ್ನೋದನ್ನ ಆವಾಗ ಎಲ್ಲರೂ ನೋಡಿದ್ವಿ.

ಕೂಸಿನ ಮೈಮೇಲೆ ಠಸ್ಸೆ ಎಲ್ಲಿ?

ಈಗ ಇನ್ನೊಂದು ದೃಶ್ಯ. ಯಾವ ಮನುಷ್ಯ ಯಾವ ಧರ್ಮದವ ಅಂತ ಪೀಕೆಗೆ ತಿಳಿಯೋದಿಲ್ಲ. ಹುಟ್ಟುವಾಗಲೇ ಕಂಪನಿ ಠಸ್ಸೆ ಹೊಡೆದು ಕಳಿಸಿರಬೇಕು ಅಂತ ಅಂದ್ಕೊಂಡು ದವಾಖಾನೆಗೆ ಹೋಗಿ, ಆಗಷ್ಟೇ ಹುಟ್ಟಿದ ಕೂಸುಗಳ ಮೈ ತಿರುವಿ ತಿರುವಿ ನೋಡ್ತಾನೆ. ಎಲ್ಲೂ ಇಲ್ಲ.

ಗಜ್ಜರಿ ದೃಶ್ಯಕ್ಕೂ ಇದಕ್ಕೂ ಒಂದೇ ಬೇರು. ಧರ್ಮ, ಜಾತಿ, ಪರದೇಶಿ, ನಮ್ಮವ ಇವೆಲ್ಲ ಬೆಟ್ಟದ ನಮೂನೆ ಸತ್ಯ ಅಲ್ಲ, ನೋಟಿನ ನಮೂನೆ ಸತ್ಯ ಅಂತ ಸಿನಿಮಾ ತಣ್ಣಗೆ ಹೇಳ್ತಿದೆ. ಪಾಠ ಮಾಡೋದಿಲ್ಲ, ಒಬ್ಬ ಮುಗ್ಧನ ಕೈಯಿಂದ ಹುಡುಕಿಸುತ್ತೆ. ಅದಕ್ಕೇ ಯಾರಿಗೂ ಸಿಟ್ಟು ಬರೋ ಮೊದಲು ನಗು ಬರುತ್ತೆ.

ಆದ್ರ ಇಲ್ಲಿ ನನಗೆ ಒಂದು ತಕರಾರು ಐತಿ. ಪೀಕೆ ಬೇರೆ ಗ್ರಹದವನೇ ಇರಬಹುದು, ಅವನ ಮುಖ ಮಾತ್ರ ನಾವು ಎಲ್ಲ ಪೋಸ್ಟರ್‌ನಲ್ಲಿ ನೋಡಿದ ಮುಖ. ದಿಲ್ಲಿಯ ಸಂದಿಯಲ್ಲಿ ಯಾರೂ ಅವನನ್ನ ತಡೆದು ‘ನೀ ಎಲ್ಲಿಯವ?’ ಅಂತ ಕೇಳೋದಿಲ್ಲ. ಬಹಳ ಅಂದ್ರೆ ಕುಡುಕ ಅಂತಾರೆ. ಅವನ ಮೈಮೇಲೆ ಠಸ್ಸೆ ಇಲ್ಲ ಅಂತ ತೋರಿಸೋದು ಸುಲಭ, ಯಾಕಂದ್ರೆ ನಾವು ಅಲ್ಲಿ ಠಸ್ಸೆ ಓದೋದೇ ಇಲ್ಲ. ಮೈ ನೋಡಿದ ಕೂಡಲೇ ಮಂದಿ ಠಸ್ಸೆ ಓದಿಬಿಡೋ ಜನರ ಕಥೆ ಏನು?

ಅದಕ್ಕೆ ಬೇರೆ ಗ್ರಹಕ್ಕೆ ಹೋಗೋದು ಬೇಡ. ಹುಬ್ಬಳ್ಳಿಯಿಂದ ಕಾರವಾರ ರಸ್ತೆ ಹಿಡಿದರೆ ಸಾಕು. ಕಲಘಟಗಿ ಬರುತ್ತೆ, ಅದನ್ನ ದಾಟಿದರೆ ಯಲ್ಲಾಪುರದ ಕಾಡು.

ಕಲಘಟಗಿಯಿಂದ ಯಲ್ಲಾಪುರಕ್ಕೆ

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ ಕಡೆ, ನಮ್ಮ ಜಿಲ್ಲೆಯ ಕಲಘಟಗಿ ತಾಲ್ಲೂಕಿನಲ್ಲಿ, ಬೆಳಗಾವಿಯ ಖಾನಾಪುರದ ಕಡೆ ಸಿದ್ದಿ ಸಮುದಾಯ ಇದೆ. ಅವರ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವಾಕ್ಕೆ ಬಂದವರಲ್ಲಿ ಬಹಳ ಮಂದಿ ತಪ್ಪಿಸಿಕೊಂಡು ಘಟ್ಟ ಹತ್ತಿ ಈ ಕಾಡುಗಳಿಗೆ ಸೇರಿದರು ಅನ್ನೋದು ಅವರ ಇತಿಹಾಸ. ಈಗ ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕೊಂಕಣಿ, ಕನ್ನಡ, ಮರಾಠಿ ಮಾತಾಡ್ತಾರೆ. ನಮ್ಮ ಅಜ್ಜಿಯಂದಿರು ಹಳೇ ಸೀರೆ, ಧೋತರ ಕೂಡಿಸಿ ಕೌದಿ ಹೊಲೀತಿದ್ದರಲ್ಲ, ಸಿದ್ದಿ ಹೆಣ್ಣುಮಕ್ಕಳು ಹೊಲಿಯೋ ಕೌದಿ ಈಗ ಹೊರದೇಶದ ಪ್ರದರ್ಶನಗಳಲ್ಲಿ ಹೆಸರು ಮಾಡಿದೆ.

ಎಷ್ಟೋ ತಲೆಮಾರು ಇಲ್ಲೇ ಹುಟ್ಟಿ ಇಲ್ಲೇ ಮಣ್ಣಾದ ಜನ. ಆದ್ರೂ ಬಸ್ ಸ್ಟ್ಯಾಂಡಿನಲ್ಲಿ, ಕಾಲೇಜಿನಲ್ಲಿ ಅವರಿಗೆ ಎದುರಾಗೋ ಪ್ರಶ್ನೆ ಒಂದೇ: ‘ನೀವು ಯಾವ ದೇಶದವರು?’ ಯಲ್ಲಾಪುರ ಅಂದ್ರೆ ಸಾಕಾಗೋದಿಲ್ಲ. ‘ಅಲ್ಲ, ಖರೇ ಖರೇ ಎಲ್ಲಿಯವರು?’ ಕನ್ನಡದಲ್ಲಿ ಉತ್ತರ ಕೊಟ್ಟರೆ ಎದುರಿನವರಿಗೆ ಆಶ್ಚರ್ಯ. ಕೂದಲು, ಬಣ್ಣ ನೋಡಿ ನಾವು ಠಸ್ಸೆ ಓದಿಬಿಟ್ಟಿರ್ತೀವಿ. ಪೀಕೆ ಎಷ್ಟು ಹುಡುಕಿದರೂ ಸಿಗದ ಠಸ್ಸೆ ನಮ್ಮ ಕಣ್ಣಿಗೆ ದೂರದಿಂದಲೇ ಕಾಣುತ್ತೆ. ಅಂದ್ರೆ ಅದು ಅವರ ಮೈಮೇಲೆ ಇಲ್ಲ, ನಮ್ಮ ಕಣ್ಣಲ್ಲಿ ಐತಿ.

ಒಳ್ಳೇ ಮನಸ್ಸಿನಿಂದ ಹೊಡೆದ ಠಸ್ಸೆಯೂ ಠಸ್ಸೆಯೇ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಒಂದು ಯೋಜನೆ ತಂದಿತು. ಆಫ್ರಿಕನ್ ಮೂಲದವರು, ಓಟದಲ್ಲಿ ಮುಂದೆ ಬಂದಾರು ಅಂತ ಸಿದ್ದಿ ಮಕ್ಕಳನ್ನ ಆರಿಸಿ ತರಬೇತಿ ಕೊಟ್ಟಿತು. ಕೆಲವರು ದೊಡ್ಡ ಮಟ್ಟಕ್ಕೆ ಆಡಿದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ಓಡೋ ಅವಕಾಶ ಸಿಕ್ಕಿದ್ದು ಒಳ್ಳೇದೇ. ಆದ್ರ ನೀನು ಹಿಂಗ ಕಾಣ್ತೀ, ಅದಕ್ಕ ಓಡು ಅನ್ನೋದರಲ್ಲಿ ಆ ಮಗು ಏನಾಗಬೇಕು ಅಂತ ಕೇಳೋ ಪ್ರಶ್ನೆಗೆ ಜಾಗ ಎಲ್ಲಿದೆ? ನಿನಗೆ ಲೆಕ್ಕ ಇಷ್ಟ ಐತೇನು, ಹಾಡು ಇಷ್ಟ ಐತೇನು ಅಂತ ಕೇಳೋರು ಯಾರು?

ಕೇಳಿ ಪಡೆದ ಠಸ್ಸೆ

ಇಷ್ಟೊತ್ತಿಗೆ ನಿಮ್ಮಲ್ಲಿ ಯಾರಿಗಾದರೂ ಅನಿಸಿರಬೇಕು: ಹಂಗಾದ್ರ ಎಲ್ಲಾ ಠಸ್ಸೆ ಅಳಿಸಿಬಿಟ್ಟರೆ ಆಯ್ತಲ್ಲ? ಪೀಕೆ ಸಿನಿಮಾ ಹೆಚ್ಚೂಕಮ್ಮಿ ಅಲ್ಲಿಗೇ ನಿಲ್ಲುತ್ತೆ. ಇಲ್ಲಿಂದ ಮುಂದೆ ಸಿನಿಮಾಕ್ಕಿಂತ ಸಿದ್ದಿಗಳ ಅನುಭವ ಹೆಚ್ಚು ಕಲಿಸುತ್ತೆ.

ಸಿದ್ದಿಗಳು ವರ್ಷಾನುಗಟ್ಟಲೆ ಹೋರಾಡಿ ಒಂದು ಠಸ್ಸೆಯನ್ನ ತಾವೇ ಕೇಳಿ ಪಡೆದರು. ಪರಿಶಿಷ್ಟ ಪಂಗಡ ಅನ್ನೋ ಸರ್ಕಾರಿ ಠಸ್ಸೆ. 2003ರಲ್ಲಿ ಅದು ಸಿಕ್ಕಿತು, ಆದ್ರ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳಿಗೆ ಮಾತ್ರ. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಯ ಸಿದ್ದಿಗಳು ಪಟ್ಟಿಗೆ ಸೇರಿದ್ದು 2020ರಲ್ಲಿ. ನಡುವೆ ಹದಿನೇಳು ವರ್ಷ. ಒಂದೇ ಜನ, ಒಂದೇ ಕಾಡು, ಬೀಗತನವೂ ಆಚೆ ಈಚೆ. ಜಿಲ್ಲೆಯ ಗಡಿಕಲ್ಲಿನ ಆ ಕಡೆ ಹುಟ್ಟಿದರೆ ಬುಡಕಟ್ಟು, ಈ ಕಡೆ ಹುಟ್ಟಿದರೆ ಅಲ್ಲ. ಸರ್ಲ್ ಹೇಳಿದ ‘ಲೆಕ್ಕಕ್ಕೆ ಹಿಡಿಯೋದು’ ಅಂದ್ರೆ ಏನು ಅಂತ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ. ಆ ಕಾಗದ ಇದ್ದರೆ ಓದಿಗೆ, ನೌಕರಿಗೆ ಮೀಸಲಾತಿ ಕೇಳಬಹುದು. ಇಲ್ಲದಿದ್ದರೆ ಇಲ್ಲ. 2020ರಲ್ಲೇ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಕರ್ನಾಟಕದ ಶಾಸನಸಭೆಗೆ ಬಂದ ಮೊದಲ ಸಿದ್ದಿ ಅವರು.

ಹಂಗಾಗಿ ಠಸ್ಸೆ ಅಂದ್ರೆ ಬರೀ ಸುಳ್ಳು ಅಂದುಬಿಟ್ಟರೆ ನ್ಯಾಯ ಆಗೋದಿಲ್ಲ. ನೋಟು ಒಪ್ಪಂದವೇ ಆದರೂ ಅದಿಲ್ಲದೆ ಗಜ್ಜರಿ ಸಿಗೋದಿಲ್ಲವಲ್ಲ, ಹಂಗೇ ಇದು. ಕೇಳಬೇಕಾದ ಪ್ರಶ್ನೆ ಬೇರೆ: ಠಸ್ಸೆ ಯಾರ ಕೈಯಾಗ ಐತಿ? ಮಂದಿ ನಿಮ್ಮ ಮೇಲೆ ಹೊಡೆಯೋ ಠಸ್ಸೆ ಬಾಗಿಲು ಮುಚ್ಚುತ್ತೆ. ನೀವೇ ಕೇಳಿ ಹೊಡೆಸಿಕೊಂಡ ಠಸ್ಸೆ ಬಾಗಿಲು ತೆರೆಯಬಹುದು. ಪೀಕೆಗೆ ತನ್ನ ಹೆಸರನ್ನ ಆರಿಸೋ ಹಕ್ಕೂ ಇರಲಿಲ್ಲ ಅಂತ ಆಗಲೇ ಹೇಳಿದ್ದು ಇದಕ್ಕೇ.

ಮಾತೇ ಆಡದ ಇನ್ನೊಬ್ಬ

ಪೀಕೆಗಿಂತ ಮೂವತ್ತು ವರ್ಷ ಮೊದಲು, 1984ರಲ್ಲಿ, ಅಮೆರಿಕದಲ್ಲಿ ಜಾನ್ ಸೇಲ್ಸ್ ಅನ್ನೋ ನಿರ್ದೇಶಕ ಇದೇ ನಮೂನೆ ಒಂದು ಸಣ್ಣ ಬಜೆಟ್ ಸಿನಿಮಾ ಮಾಡಿದರು. ಹೆಸರು ‘ದಿ ಬ್ರದರ್ ಫ್ರಮ್ ಅನದರ್ ಪ್ಲಾನೆಟ್’. ನಟ ಜೋ ಮಾರ್ಟನ್. ಇದರಲ್ಲೂ ಬೇರೆ ಗ್ರಹದವ, ಆದ್ರ ಕಪ್ಪು ಮನುಷ್ಯನ ರೂಪ. ಮೂಗ. ಇಡೀ ಸಿನಿಮಾದಲ್ಲಿ ಒಂದು ಮಾತೂ ಆಡೋದಿಲ್ಲ. ಅವನೂ ಕೈಯಿಂದಲೇ ತಿಳ್ಕೊಳ್ಳೋವ. ನೌಕೆ ಕೆಟ್ಟು ಬೀಳೋದು ಎಲ್ಲಿಸ್ ಐಲ್ಯಾಂಡ್ ಹತ್ರ, ಒಂದು ಕಾಲಕ್ಕೆ ಅಮೆರಿಕಕ್ಕೆ ವಲಸೆ ಬಂದವರನ್ನ ತಪಾಸಣೆ ಮಾಡಿ ಒಳಗೆ ಬಿಡ್ತಿದ್ದ ನಡುಗಡ್ಡೆ. ಅಲ್ಲಿನ ಗೋಡೆ ಮುಟ್ಟಿದರೆ ಹಿಂದೆ ಬಂದುಹೋದವರ ದನಿ ಅವನಿಗೆ ಕೇಳಿಸುತ್ತೆ.

ಅಲ್ಲಿಂದ ನ್ಯೂಯಾರ್ಕಿನ ಹಾರ್ಲೆಂಗೆ ಬರ್ತಾನೆ. ಅದು ಕಪ್ಪುಜನರ ಬಡಾವಣೆ. ಅಲ್ಲಿ ಅವನು ಹೊರಗಿನವನಂಗ ಕಾಣೋದೇ ಇಲ್ಲ. ಹೋಟೆಲಿನವರು ಜಾಗ ಕೊಡ್ತಾರೆ, ಕೆಲಸ ಹುಡುಕಿ ಕೊಡ್ತಾರೆ. ಅವನನ್ನ ಹಿಡಿದೊಯ್ಯೋಕೆ ಬರೋ ಇಬ್ಬರು ಬಿಳಿಯರು ನಿಜವಾದ ಪರದೇಶಿಗಳಂಗ ಕಾಣ್ತಾರೆ. ಒಂದು ಮ್ಯೂಸಿಯಂನಲ್ಲಿ ತಪ್ಪಿಸಿಕೊಂಡು ಓಡ್ತಿರೋ ಗುಲಾಮನ ಚಿತ್ರ ನೋಡಿ, ಜೊತೆಗಿದ್ದ ಹುಡುಗನಿಗೆ ಕೈಸನ್ನೆಯಲ್ಲೇ ತಾನೂ ಅಂಥವನೇ ಅಂತ ಹೇಳ್ತಾನೆ. ಘಟ್ಟ ಹತ್ತಿ ಬಂದ ಸಿದ್ದಿಗಳ ಇತಿಹಾಸ ಓದಿದ ಮೇಲೆ ಆ ದೃಶ್ಯ ಅಮೆರಿಕದ್ದು ಅಂತ ಅನ್ನಿಸೋದೇ ಇಲ್ಲ.

ಎರಡು ಸಿನಿಮಾಗಳ ನಡುವಿನ ದೊಡ್ಡ ವ್ಯತ್ಯಾಸ ಅಂದ್ರೆ, ಪೀಕೆ ವಾಪಸ್ ಹೋಗ್ತಾನೆ, ಈ ಬ್ರದರ್ ಉಳೀತಾನೆ.

ಹೋಗುವವನೂ, ಉಳಿಯುವವನೂ

ಜರ್ಮನಿಯ ಸಮಾಜಶಾಸ್ತ್ರಜ್ಞ ಗೇಯೋರ್ಗ್ ಜಿಮ್ಮೆಲ್ 1908ರಲ್ಲಿ ಅಪರಿಚಿತನ ಬಗ್ಗೆ ಒಂದು ಪುಟ್ಟ ಪ್ರಬಂಧ ಬರೆದ. ಸುಮ್ಮನೆ ಹಾದುಹೋಗೋ ಪ್ರವಾಸಿ ಬೇರೆ, ಬಂದು ಇಲ್ಲೇ ನೆಲೆ ನಿಲ್ಲೋ ಅಪರಿಚಿತ ಬೇರೆ ಅನ್ನೋದು ಅವನ ವಿಚಾರದ ತಿರುಳು. ಎರಡನೆಯವನು ಹತ್ತಿರವೂ ಹೌದು, ದೂರವೂ ಹೌದು.

ಪೀಕೆಯನ್ನ ಪ್ರೀತಿಸೋದು ಸುಲಭ. ಯಾಕಂದ್ರೆ ಅವನು ಬಾಡಿಗೆ ಮನೆ ಕೇಳೋದಿಲ್ಲ, ನೌಕರಿಗೆ ಅರ್ಜಿ ಹಾಕೋದಿಲ್ಲ, ನಮ್ಮನೆ ಹುಡುಗಿಯನ್ನ ಕೇಳೋದೂ ಇಲ್ಲ. ಜಗ್ಗು ಮೇಲೆ ಮನಸ್ಸಾದರೂ ಬಾಯಿ ಬಿಡದೆ, ಇಲ್ಲಿ ಕಲಿತ ಸುಳ್ಳನ್ನ ಅವಳ ಸುಖಕ್ಕಾಗಿ ಹೇಳಿ ಹೊರಟುಬಿಡ್ತಾನೆ. ಅತಿಥಿಗೆ ಹೋಳಿಗೆ ಬಡಿಸೋದರಲ್ಲಿ ನಮ್ಮ ಕಡೆಯವರ ಕೈ ಯಾರೂ ಹಿಡಿಯೋ ಹಂಗಿಲ್ಲ. ಪರೀಕ್ಷೆ ಶುರುವಾಗೋದು ಆ ಅತಿಥಿ ಪಕ್ಕದ ಮನೆಗೆ ಬಾಡಿಗೆಗೆ ಬಂದಾಗ.

ಉಳಿದವರು ನಮ್ಮ ಸುತ್ತ ಎಷ್ಟು ಮಂದಿ ಇದ್ದಾರೆ ಎಣಿಸಿ ನೋಡ್ರಿ. ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ ಕ್ಯಾಂಪ್ ಇದೆ. ದ್ರೆಪುಂಗ್, ಗಾಂದೆನ್ ಅನ್ನೋ ದೊಡ್ಡ ಮಠಗಳು ಅಲ್ಲಿ ಮತ್ತೆ ಕಟ್ಟಿಕೊಂಡಿವೆ. ಅಲ್ಲಿ ಹುಟ್ಟಿ ಬೆಳೆದವರು ಅಜ್ಜ-ಅಜ್ಜಿ ಆಗಿದ್ದಾರೆ. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು ಅಂತ ನಾವು ಹೆಮ್ಮೆ ಪಡ್ತೀವಿ. ಅದರ ಮೇಲೆ ಇಳಿಯೋ ಬಿಹಾರದ ಹುಡುಗ ಮಾತಾಡೋದು ಪೀಕೆಯ ಭೋಜ್‌ಪುರಿಯನ್ನೇ. ಥೇಟರಿನಲ್ಲಿ ಆ ಮಾತಿಗೆ ಸಿಳ್ಳೆ ಹೊಡೆದವರು, ಹೋಟೆಲಿನಲ್ಲಿ ಅದೇ ಮಾತು ಕೇಳಿದಾಗ ಮುಖ ಸಿಂಡರಿಸ್ತೀವೇನು?

ಮತ್ತೆ ನಾವು? ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋದ ನಮ್ಮ ಹುಡುಗ ‘ಹೌದ್ರಿ ಸರ್’ ಅಂದ ಕೂಡಲೇ ಎದುರಿನವರ ತುಟಿಯಲ್ಲಿ ಒಂದು ನಗು ಬರುತ್ತಲ್ಲ, ಅದು ನಾಲಗೆ ಮೇಲೆ ಹೊಡೆದ ಠಸ್ಸೆ. ಸಿನಿಮಾದಲ್ಲಿ ಕಾಮಿಡಿ ಪಾತ್ರಕ್ಕೆ ನಮ್ಮ ಭಾಷೆ ಹಚ್ಚೋದೂ ಅದೇ. ಆ ನಗು ಚುಚ್ಚಿದ್ದು ನೆನಪಿರೋರಿಗೆ ಇನ್ನೊಬ್ಬರ ಠಸ್ಸೆ ಅರ್ಥ ಆಗೋಕೆ ಬಹಳ ಹೊತ್ತು ಬೇಕಿಲ್ಲ.

ಒಳಗೇ ಇದ್ದು ಕೇಳಿದವರು

ಇದನ್ನೆಲ್ಲ ಕಾಣೋಕೆ ಬೇರೆ ಗ್ರಹದಿಂದಲೇ ಬರಬೇಕು ಅಂತಿಲ್ಲ. ಶಿಶುನಾಳ ಶರೀಫರು (1819–1889) ನಮ್ಮ ಹುಬ್ಬಳ್ಳಿಗೆ ಹತ್ತಿರದ ಶಿಶುನಾಳದವರು. ಮುಸ್ಲಿಂ ಮನೆತನದಲ್ಲಿ ಹುಟ್ಟಿದರು, ಕಳಸದ ಗೋವಿಂದ ಭಟ್ಟರೆಂಬ ಬ್ರಾಹ್ಮಣ ಗುರುವಿಗೆ ಶಿಷ್ಯರಾದರು. ಗುರು ಅವರಿಗೆ ಜನಿವಾರ ಹಾಕಿದರು ಅನ್ನೋ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಎರಡೂ ಕಡೆಯ ಠಸ್ಸೆ ಹಿಡಿದವರು ಅವರನ್ನ ಪ್ರಶ್ನೆ ಮಾಡಿದರು ಅಂತಲೂ ಅದೇ ಕಥೆಗಳು ಹೇಳ್ತವೆ. ಇವತ್ತು ಅವರ ಗದ್ದುಗೆಗೆ ಎರಡೂ ಕಡೆಯವರು ನಡ್ಕೋತಾರೆ. ದಿನಾ ನೋಡೋದನ್ನೇ ಹೊಸದಾಗಿ ನೋಡಿ ಕೇಳೋ ಕಣ್ಣು ಊರೊಳಗೇ ಹುಟ್ಟಬಹುದು ಅನ್ನೋದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ಬೇಡ.

ಕಡೇದಾಗಿ ಒಂದು ಸಣ್ಣ ಕೆಲಸ ಹೇಳ್ತೀನಿ. ನಮ್ಮಲ್ಲಿ ಹೊಸಬರು ಸಿಕ್ಕರೆ ಮೊದಲು ‘ಯಾವೂರು?’ ಅಂತೀವಿ, ಆಮ್ಯಾಲೆ ಮೆಲ್ಲಕ ‘ಅಡ್ಡಹೆಸರೇನ್ರಿ?’ ಅಂತೀವಿ. ಬಾಡಿಗೆ ಮನೆ ತೋರಿಸುವಾಗಂತೂ ತಪ್ಪದೇ ಕೇಳ್ತೀವಿ. ಆ ಪ್ರಶ್ನೆ ಏನಕ್ಕೆ ಅಂತ ಕೇಳೋರಿಗೂ ಗೊತ್ತು, ಹೇಳೋರಿಗೂ ಗೊತ್ತು. ಕೂಸಿನ ಮೈ ತಿರುವಿ ಪೀಕೆ ಹುಡುಕಿದ್ದನ್ನೇ ನಾವು ಅಡ್ಡಹೆಸರಿನಲ್ಲಿ ಹುಡುಕ್ತೀವಿ. ಅವನು ಕುತೂಹಲಕ್ಕೆ ಹುಡುಕಿದ, ನಾವು ಬಾಗಿಲು ತೆರೀಬೇಕೋ ಮುಚ್ಚಬೇಕೋ ಅಂತ ನೋಡೋಕೆ ಹುಡುಕ್ತೀವಿ.

ಈ ವಾರ ಯಾರಾದರೂ ಹೊಸಬರು ಸಿಕ್ಕರೆ ಆ ಎರಡನೇ ಪ್ರಶ್ನೆಯನ್ನ ಬಿಟ್ಟು ನೋಡ್ರಿ. ಅದರ ಜಾಗದಲ್ಲಿ ‘ಚಾ ಕುಡೀತೀರೇನ್ರಿ?’ ಅಂತ ಕೇಳ್ರಿ. ತಮ್ಮ ಬಗ್ಗೆ ಏನು ಹೇಳಬೇಕು ಅನ್ನೋದನ್ನ ಅವರೇ ಆರಿಸಲಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ಬರ್ತೀನ್ರಿ.